ಮನೆಯ ಸೋಪಿಗೆ ಸುಗಂಧ ತೈಲ: ಹನಿ ಎಣಿಸಬೇಡಿ, ತೂಗಿ ಹಾಕಿ

ಮುಂಬಯಿಯ ಕನ್ನಡ ಸಂಘಗಳ ಮಹಿಳಾ ವಿಭಾಗದವರು ಅರಸಿನ ಕುಂಕುಮಕ್ಕೋ ಆಟಿಡೊಂಜಿ ದಿನಕ್ಕೋ ಹಾಕುವ ಮಳಿಗೆಗಳಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಪಕ್ಕದಲ್ಲಿ ಮನೆಯಲ್ಲೇ ಮಾಡಿದ ಸೋಪೂ ಕಾಣಿಸಿಕೊಳ್ಳುವುದುಂಟು. ಊರಿನ ತೆಂಗಿನೆಣ್ಣೆ, ಮಜ್ಜಿಗೆ ಹುಲ್ಲಿನ ಪರಿಮಳ. ಕೊಳ್ಳುವವರು ಮೊದಲು ಮೂಗಿಗೆ ಹಿಡಿಯುತ್ತಾರೆ, ಬೆಲೆ ಕೇಳುವುದು ಆಮೇಲೆ. ಹಾಗಾಗಿ ಮಾಡುವವರ ಕೈ ಸುಗಂಧ ತೈಲದ ಬಾಟಲಿಯ ವಿಷಯದಲ್ಲಿ ಧಾರಾಳವಾಗಿಬಿಡುತ್ತದೆ. ತೊಂದರೆ ಆರಂಭವಾಗುವುದೂ ಅಲ್ಲಿಂದಲೇ.

ಸುಗಂಧ ತೈಲಕ್ಕೂ ಸೋಪಿಗೂ ಇರುವ ನಂಟು ಕನ್ನಡಿಗರಿಗೆ ಹೊಸತಲ್ಲ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಮರ ಕಳುಹಿಸುವುದು ನಿಂತಾಗ ಮೈಸೂರು ಸಂಸ್ಥಾನವು 1916ರಲ್ಲಿ ತಾನೇ ಗಂಧದೆಣ್ಣೆ ತೆಗೆಯತೊಡಗಿತು. 1918ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ಸೋಪು ಕಾರ್ಖಾನೆ ಬಂತು. ಕಾರ್ಖಾನೆಯಲ್ಲಿ ಅಳತೆ ನೋಡಲು ರಸಾಯನ ತಜ್ಞರಿರುತ್ತಾರೆ. ಅಡುಗೆಕೋಣೆಯಲ್ಲಿ ಆ ಹೊಣೆ ಗೃಹಿಣಿಯದೇ.

‘ಗಿಡದ್ದಲ್ಲವೇ, ಏನೂ ಆಗದು’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಾರಿಗೆ ಹಾಕುವ ಎರಡು ಲವಂಗ ಬೇರೆ, ಲವಂಗದಿಂದ ಭಟ್ಟಿ ಇಳಿಸಿದ ತೈಲ ಬೇರೆ. ಲವಂಗದ ಯೂಜಿನಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್, ದಾಲ್ಚಿನ್ನಿ ತೊಗಟೆಯ ಸಿನ್ನಮಾಲ್ಡಿಹೈಡ್ ಇವೆಲ್ಲ ಚರ್ಮಕ್ಕೆ ಅಲರ್ಜಿ ತರಬಲ್ಲ ಅಂಶಗಳೇ. ಇಂಥ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ; ಮುಂದೆ ಅದೇ ಅಂಶವಿರುವ ಕ್ರೀಮೋ ಸೆಂಟೋ ತಾಗಿದರೂ ತುರಿಕೆ ಏಳುತ್ತದೆ. ಸೋಪನ್ನು ತೊಳೆದುಬಿಡುತ್ತೇವೆ ಎಂಬುದು ಒಂದು ರಕ್ಷಣೆ ನಿಜ. ಆದರೆ ದಿನಾ ಎರಡು ಹೊತ್ತು ಮೈಗೆ ತಾಗುವ ವಸ್ತುವದು.

ಸೋಪಿಗೆ ಬಳಸುವ ತೆಂಗಿನೆಣ್ಣೆ ಮುಂತಾದ ಎಣ್ಣೆಗಳ ಒಟ್ಟು ತೂಕ 1 ಕಿಲೋ ಇದ್ದರೆ ಲ್ಯಾವೆಂಡರಿನಂಥ ಸೌಮ್ಯ ತೈಲ 20 ಗ್ರಾಂ ಸಾಕು, 30 ಗ್ರಾಂ ದಾಟಬಾರದು. ಮಜ್ಜಿಗೆ ಹುಲ್ಲಿನದಾದರೆ 10 ಗ್ರಾಂ, ಲವಂಗದ್ದು 5 ಗ್ರಾಂ. ದಾಲ್ಚಿನ್ನಿ ತೊಗಟೆಯ ತೈಲದ ಗೊಡವೆಯೇ ಬೇಡ. ಹನಿಗಳ ಲೆಕ್ಕ ನಂಬುವಂಥದ್ದಲ್ಲ. ಬಾಟಲಿಯ ಬಾಯಿ ಬದಲಾದರೆ, ತೈಲ ಮಂದವಾದರೆ ಹನಿಯ ಗಾತ್ರವೂ ಬದಲಾಗುತ್ತದೆ. ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡರೆ ಕಾಸ್ಟಿಕ್ ಸೋಡಾ ತೂಗುವುದಕ್ಕೂ ಆಯಿತು.

ಕಾಸ್ಟಿಕ್ ಸೋಡಾ ಸುಗಂಧ ತೈಲಕ್ಕಿಂತ ದೊಡ್ಡ ಅಪಾಯ. ಅದನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಸಲ್ಲದು, ಸ್ಟೀಲಿನದು ಬೇಕು. ಕೈಗವಸು, ಕನ್ನಡಕ, ತೆರೆದ ಕಿಟಕಿ ಇರಲೇಬೇಕು. ಒಂದೇ ಕೋಣೆಯ ಮನೆಯಲ್ಲಿ ಮಕ್ಕಳು ಶಾಲೆಗೆ ಹೋದ ಹೊತ್ತೇ ಸರಿ. ಮೈಗೆ ಸಿಡಿದರೆ ವಿನೆಗರ್ ಹುಡುಕುತ್ತಾ ಕೂರದೆ ಹರಿಯುವ ನಳ್ಳಿ ನೀರಿನಲ್ಲಿ 20 ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಹಾಗೇ ತೊಳೆದು ಕೂಡಲೇ ಆಸ್ಪತ್ರೆಗೆ. ಇಷ್ಟು ರಗಳೆ ಬೇಡ ಎನ್ನುವವರು ಅಂಗಡಿಯ ಸೋಪ್ ಬೇಸ್ ಕರಗಿಸಿ, ಕಿಲೋಗೆ 10 ಗ್ರಾಂ ಸೌಮ್ಯ ತೈಲ ಬೆರೆಸಿ ಅಚ್ಚಿಗೆ ಹೊಯ್ಯಬಹುದು. ಹೊಸಬರಿಗೆ ಇದೇ ಮೇಲು.

ಕಾಸ್ಟಿಕ್ ಹಾಕಿ ಮಾಡುವಾಗ ಮಿಶ್ರಣ ನೀರುದೋಸೆ ಹಿಟ್ಟಿಗಿಂತ ತುಸು ಮಂದವಾಗಿ, ಬಿಸಿ 40-45 ಡಿಗ್ರಿಗೆ ಇಳಿದ ಮೇಲೆ ಸುಗಂಧ ತೈಲ ಸೇರಿಸುವುದು ಕ್ರಮ. ತೀರ ಬಿಸಿಯಿದ್ದರೆ ದುಡ್ಡು ಕೊಟ್ಟ ಪರಿಮಳವೆಲ್ಲ ಹಾರಿಹೋಗುತ್ತದೆ. ಲವಂಗದ ತೈಲ ಹಾಕಿದರೆ ಮಿಶ್ರಣ ಪಾತ್ರೆಯಲ್ಲೇ ಗಟ್ಟಿಯಾಗುವುದೂ ಇದೆ, ಆದ್ದರಿಂದ ಅಚ್ಚು ಮೊದಲೇ ಸಿದ್ಧವಿರಲಿ. ಬಿಲ್ಲೆ ಕೊಯ್ದ ಮೇಲೆ ಗಾಳಿಯಾಡುವ ಕಡೆ 4ರಿಂದ 6 ವಾರ ಒಣಗಬೇಕು. ಹಬ್ಬಕ್ಕೆ ಒಂದು ವಾರವಿರುವಾಗ ಮಾಡಿ ಮಾರಲು ಹೊರಡುವುದು ಸರಿಯಲ್ಲ.

ಬಾಟಲಿ ಕೊಳ್ಳುವಾಗ ಸಸ್ಯದ ಶಾಸ್ತ್ರೀಯ ಹೆಸರಿದೆಯೇ ನೋಡಬೇಕು. ಅಗ್ಗಕ್ಕೆ ಸಿಗುವ ‘ಚಂದನ’ ಗಂಧದೆಣ್ಣೆಯಲ್ಲ, ಕೃತಕ ಪರಿಮಳ. ಕೇಕಿಗೆ ಹಾಕುವ ಎಸೆನ್ಸ್ ಸೋಪಿಗಲ್ಲ. ಕಿತ್ತಳೆ, ಟೀ ಟ್ರೀ, ಲ್ಯಾವೆಂಡರ್ ತೈಲಗಳು ಗಾಳಿ ತಾಗಿ ಹಳತಾದಂತೆ ಅಲರ್ಜಿ ತರುವ ಗುಣ ಹೆಚ್ಚಿಸಿಕೊಳ್ಳುತ್ತವೆ. ಕಂದು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ತಂಪಿನಲ್ಲಿಡಬೇಕು. ನೀಲಗಿರಿ ಮತ್ತು ಕರ್ಪೂರದ ತೈಲವಂತೂ ಮಕ್ಕಳ ಕೈಗೆ ಎಟುಕಲೇಬಾರದು. ಚಮಚೆಯಷ್ಟು ಹೊಟ್ಟೆಗೆ ಹೋದರೂ ಫಿಟ್ಸ್ ಬರುವ ಅಪಾಯವಿದೆ. ಹಸುಳೆಗಳಿಗೆ, ಇಸಬು ಇರುವವರಿಗೆ ಪರಿಮಳವಿಲ್ಲದ ಸೋಪೇ ಒಳ್ಳೆಯದು.

ಮನೆಮಂದಿಗೆ ಮಾಡುವುದು ಒಂದು, ಮಳಿಗೆಯಲ್ಲಿಡುವುದು ಇನ್ನೊಂದು. ಮಾರಾಟಕ್ಕೆ ಮಾಡುವ ಸ್ನಾನದ ಸೋಪು 2020ರ ಸೌಂದರ್ಯವರ್ಧಕ ನಿಯಮಗಳಿಗೆ ಒಳಪಡುತ್ತದೆ, ರಾಜ್ಯದ ಪರವಾನಗಿ ಬೇಕು. ಸಂಘದ ಮಳಿಗೆ ಸಣ್ಣದೆಂದು ಇದನ್ನು ಕಡೆಗಣಿಸುವಂತಿಲ್ಲ. ನೆರೆಹೊರೆಗೆ ಸುಮ್ಮನೆ ಕೊಡುವ ಬಿಲ್ಲೆಯ ಜೊತೆಗೂ ಯಾವ ತೈಲ, ಎಷ್ಟು ಗ್ರಾಂ, ಮಾಡಿದ ತಾರೀಕು ಯಾವುದು ಎಂದು ಬರೆದ ಚೀಟಿ ಇಟ್ಟರೆ, ಯಾರಿಗಾದರೂ ಮೈ ತುರಿಸಿದಾಗ ಡಾಕ್ಟರಿಗೆ ತೋರಿಸಲು ಅದೇ ಉಪಯೋಗಕ್ಕೆ ಬರುತ್ತದೆ.