ಗಿಣ್ಣಿನ ಮೊದಲ ಪಾಲು ಕರುವಿಗೆ ಏಕೆ?

ಹಸು ಕರು ಹಾಕಿದ ಮನೆಯವರು ಅಕ್ಕಪಕ್ಕದವರಿಗೆ ಗಿಣ್ಣು ಹಂಚುವುದು ಹಳೆಯ ರೂಢಿ. ಈಗ ಬೆಂಗಳೂರಿನೊಳಗೆ ಸೇರಿಹೋಗಿರುವ ಕೊಡಿಗೇಹಳ್ಳಿಯಂಥ ಊರುಗಳಿಗೂ ಇದು ಹೊಸದಲ್ಲ. ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದರೆ ಈ ಹಾಲು ತಾನಾಗಿಯೇ ಗಟ್ಟಿಯಾಗುತ್ತದೆ. ಮಾಮೂಲಿ ಹಾಲು ಹೀಗೆ ಗಟ್ಟಿಯಾಗುವುದಿಲ್ಲ. ಇದಕ್ಕೆ ಕಾರಣ, ಗಿಣ್ಣು ಹಾಲಿನಲ್ಲಿ ತುಂಬಿರುವ ಪ್ರೋಟೀನುಗಳು. ಅವುಗಳಲ್ಲಿ ದೊಡ್ಡ ಪಾಲು ರೋಗಾಣುಗಳೊಡನೆ ಹೋರಾಡುವ ಪ್ರತಿಕಾಯಗಳದು.

ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವಾಗಲೇ ಮಗುವಿನ ರಕ್ತ ಸೇರುತ್ತವೆ. ಹಸುವಿನಲ್ಲಿ ಹಾಗಲ್ಲ. ಅದರ ಮಾಸು ಪ್ರತಿಕಾಯಗಳನ್ನು ದಾಟಲು ಬಿಡುವುದಿಲ್ಲ. ಹೀಗಾಗಿ ಕರು ಬಹುಮಟ್ಟಿಗೆ ನಿರಾಯುಧವಾಗಿಯೇ ಹುಟ್ಟುತ್ತದೆ. ಕೊಟ್ಟಿಗೆಯ ನೆಲ, ಸಗಣಿ ಎಲ್ಲೆಡೆ ಬ್ಯಾಕ್ಟೀರಿಯಾಗಳು ಕಾದಿರುತ್ತವೆ.

ಗಿಣ್ಣು ಹಾಲಿನ ಪ್ರತಿಕಾಯಗಳು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು, ಅದು ಕರುಳಿನ ಗೋಡೆಯನ್ನು ಹಿಡಿಯದಂತೆ ತಡೆಯುತ್ತವೆ. ರಕ್ತ ಸೇರಿದವು ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣಗಳಿಗೆ ಗುರುತು ಹಿಡಿದು ಕೊಡುತ್ತವೆ. ತಾಯಿ ಹಸು ತಾನಿದ್ದ ಕೊಟ್ಟಿಗೆಯ ರೋಗಾಣುಗಳ ವಿರುದ್ಧವೇ ಇವನ್ನು ತಯಾರಿಸಿರುತ್ತದೆ. ಕರು ಎದುರಿಸಬೇಕಾದದ್ದೂ ಅವನ್ನೇ. 1922ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಕೆಲವು ಕರುಗಳಿಗೆ ಗಿಣ್ಣು ಹಾಲು ಕೊಡದೆ ನೋಡಿದರು. ಅವುಗಳಲ್ಲಿ ಹೆಚ್ಚಿನವು ಸತ್ತವು.

ಆದರೆ ಕಾಲ ಕಡಿಮೆ. ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಗಂಟೆ ಗಂಟೆಗೂ ಕಿರಿದಾಗಿ, ಸುಮಾರು 24 ಗಂಟೆಗಳಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿಯೇ ಒಂದು ನಂಬಿಕೆ ಅಡ್ಡ ಬರುತ್ತದೆ: ಕಸ ಬೀಳುವವರೆಗೆ ಹಾಲು ಕರೆಯಬಾರದು, ಕರುವನ್ನೂ ಬಿಡಬಾರದು ಎಂಬುದು. ಕೊಡಿಗೇಹಳ್ಳಿಗೆ ಸಮೀಪದ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ನಡೆಯುತ್ತಿದೆ. ಅಲ್ಲಿ ಕಲಿತವರಿರಲಿ, ಬೇರೆಡೆ ಕಲಿತವರಿರಲಿ, ಪಶುವೈದ್ಯರ ಸಲಹೆ ಒಂದೇ: ಕಾಯಬೇಡಿ. ಕರು ಕೆಚ್ಚಲು ಚೀಪಿದರೆ ಗರ್ಭಕೋಶ ಸಂಕುಚಿತಗೊಂಡು ಕಸ ಬೀಳಲು ನೆರವೇ ಆಗುತ್ತದೆ.

ಮೊದಲ ದಿನ ಕರುವಿಗೆ ಅದರ ತೂಕದ ಹತ್ತನೆಯ ಒಂದು ಪಾಲು ಗಿಣ್ಣು ಹಾಲು ಬೇಕು. 25 ಕಿಲೋ ತೂಕದ ಕರುವಿಗೆ ಎರಡೂವರೆ ಲೀಟರ್. ಮೊದಲ ಕಂತು ಹುಟ್ಟಿದ ಎರಡು ಗಂಟೆಯೊಳಗೇ ಹೊಟ್ಟೆ ಸೇರಬೇಕು.

ಹಾಗಾದರೆ ನೆರೆಮನೆಯ ಪಾಲು? ಬೇಯಿಸಿದಾಗ ಪ್ರತಿಕಾಯಗಳು ಶಕ್ತಿ ಕಳೆದುಕೊಳ್ಳುತ್ತವೆ. ಗಿಣ್ಣು ತಿಂದವರಿಗೆ ಸಿಗುವುದು ರುಚಿ ಮತ್ತು ಪೌಷ್ಟಿಕಾಂಶ ಮಾತ್ರ. ಎರಡನೆಯ ದಿನದ ಹಾಲಿನಲ್ಲೂ ಗಿಣ್ಣು ಆಗುತ್ತದೆ, ತುಸು ಮೆತ್ತಗೆ ಅಷ್ಟೆ. ನೆರೆಯವರು ಒಂದು ದಿನ ಕಾಯಬಹುದು, ಕರು ಕಾಯಲಾರದು.