ಬಚ್ಚಲಿನ ಹಿಡಿಕೆಯ ಬಲ ಗೋಡೆಯಲ್ಲಿದೆ

"ಟವೆಲ್ ರಾಡ್ ಇದೆಯಲ್ಲ, ಅದನ್ನೇ ಹಿಡ್ಕೊಂಡು ಏಳ್ತಾರೆ ಬಿಡಿ." ವಯಸ್ಸಾದವರಿರುವ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತಿದು. ಬಚ್ಚಲುಮನೆಯ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಅತಿ ಅಪಾಯದ್ದೂ ಇದೇ. ಆ ರಾಡನ್ನು ಒಮ್ಮೆ ಹತ್ತಿರದಿಂದ ನೋಡಿ. ತೆಳು ತಗಡಿನ ಕೊಳವೆ, ಎರಡೂ ತುದಿಗೆ ಚಿಕ್ಕ ಬ್ರಾಕೆಟ್. ಕೆಲವದರಲ್ಲಂತೂ ಕೊಳವೆಯನ್ನು ಬ್ರಾಕೆಟ್ಟಿಗೆ ಕಚ್ಚಿಸಿರುವುದು ಕೆಳಗಿನಿಂದ ಬಿಗಿದ ಅಕ್ಕಿಕಾಳಿನಷ್ಟು ಸ್ಕ್ರೂ. ಒದ್ದೆ ಟವೆಲ್ಲಿಗೆ ಅಷ್ಟು ಸಾಕು. ಕಾಲು ಜಾರಿದವರು ಹಿಡಿದಾಗ ಮಾತ್ರ ಇಡೀ ಮೈಭಾರ ಒಮ್ಮೆಲೇ ಜಗ್ಗುತ್ತದೆ. ಅಮೆರಿಕದ ಅಂಗವಿಕಲರ ಕಾಯ್ದೆಯ (ಎಡಿಎ) 2010ರ ಮಾನದಂಡದ ಪ್ರಕಾರ ಆಸರೆಗೆಂದೇ ಗೋಡೆಗೆ ಬಿಗಿಯುವ ಹಿಡಿಕೆ (ಗ್ರ್ಯಾಬ್ ಬಾರ್) 250 ಪೌಂಡ್, ಅಂದರೆ ಸುಮಾರು 113 ಕೆ.ಜಿ. ಭಾರವನ್ನು ತಡೆಯಬೇಕು. ಟವೆಲ್ ರಾಡನ್ನು ಅಂಥ ಲೆಕ್ಕ ಹಾಕಿ ಮಾಡಿರುವುದಿಲ್ಲ. ಏನೂ ಇಲ್ಲದ ಕಡೆ ಹಿರಿಯರು ಹುಷಾರಾಗಿ ಹೆಜ್ಜೆ ಇಡುತ್ತಾರೆ. ಹಿಡಿಯಲು ಏನೋ ಇದೆ ಎಂದರೆ ಅದನ್ನು ನಂಬಿ ಭಾರ ಬಿಡುತ್ತಾರೆ. ಹಾಗಾಗಿ ಸುಳ್ಳು ಹಿಡಿಕೆಗಿಂತ ಹಿಡಿಕೆ ಇಲ್ಲದಿರುವುದೇ ವಾಸಿ ಎನ್ನುತ್ತೇನೆ.

ಗೋಡೆ ಕೊರೆಯದೆ ರಬ್ಬರ್ ಬಟ್ಟಲಿನಿಂದ ಕಚ್ಚಿಕೊಳ್ಳುವ ಹಿಡಿಕೆಗೂ ಈ ಮಾತು ಸಲ್ಲುತ್ತದೆ. ಬಟ್ಟಲಿನೊಳಗೆ ಗಾಳಿ ಇಲ್ಲದಿದ್ದರಷ್ಟೇ ಅದು ನಿಲ್ಲುವುದು. ಟೈಲ್ಸ್ ನಡುವಿನ ಸಂದು, ತರಿತರಿ ಮೇಲ್ಮೈ, ಸೋಪಿನ ಜಿಡ್ಡು, ಇವುಗಳಲ್ಲಿ ಯಾವುದಿದ್ದರೂ ಗಾಳಿ ಮೆಲ್ಲಗೆ ಒಳಸೇರುತ್ತದೆ. ಬೆಳಿಗ್ಗೆ ಗಟ್ಟಿಯಾಗಿದ್ದದ್ದು ಸಂಜೆ ಕೈಗೆ ಕಳಚಿ ಬರಬಹುದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ ಕೊರೆಸಿ. ಬಿಟ್ಟು ಹೋಗುವಾಗ ತೂತು ಮುಚ್ಚಿಸಿಕೊಟ್ಟರಾಯಿತು.

ಇನ್ನು "ಟೈಲ್ಸ್ ಗಟ್ಟಿ ಇದೆ, ಸ್ಕ್ರೂ ಕೂತ್ಕೊಳ್ಳುತ್ತೆ" ಎಂಬ ನಂಬಿಕೆ. ಗೋಡೆಯ ಟೈಲ್ಸ್ ಒಂದು ಸೆಂಟಿಮೀಟರಿನಷ್ಟೂ ದಪ್ಪವಿರದ ಹೊದಿಕೆ, ಅಷ್ಟೇ. ಅದರ ಹಿಂದೆ ಸಿಮೆಂಟು ಅಥವಾ ಅಂಟು, ಆಮೇಲೆ ಗಾರೆ, ಅದರಾಚೆ ನಿಜವಾದ ಗೋಡೆ. ಸ್ಕ್ರೂ ಕಚ್ಚಬೇಕಾದದ್ದು ಆ ಗೋಡೆಯನ್ನು. ಹಿಡಿಕೆಯ ಜೊತೆ ಪೊಟ್ಟಣದಲ್ಲಿ ಬರುವ ಗಿಡ್ಡ ಸ್ಕ್ರೂ ಬಹಳ ಸಲ ಗಾರೆಯಲ್ಲೇ ನಿಂತುಬಿಡುತ್ತದೆ.

ಆ ಗೋಡೆ ಎಂಥದ್ದು ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ತಿಳಿದುಕೊಳ್ಳಿ. ಸುಟ್ಟ ಇಟ್ಟಿಗೆ, ಸಾಲಿಡ್ ಬ್ಲಾಕ್ ಆದರೆ ಚಿಂತೆಯಿಲ್ಲ, ಸರಿಯಾದ ಫಾಸ್ನರ್ ಬಿಗಿಯಾಗಿ ಕೂರುತ್ತದೆ. ಹಾಲೋ ಬ್ಲಾಕಿನಲ್ಲಿ ತೂತು ಪೊಳ್ಳಿಗೆ ಬಿದ್ದರೆ ಫಾಸ್ನರಿಗೆ ಕಚ್ಚಲು ಏನೂ ಸಿಗುವುದಿಲ್ಲ. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಕಾಣುವ ಹಗುರ ಎಎಸಿ ಬ್ಲಾಕ್ ಇನ್ನೂ ಮೆತ್ತಗೆ. ಅದರೊಳಗೆ ಮಾಮೂಲಿ ಹಿಗ್ಗುವ ಫಾಸ್ನರ್ ಬಿಗಿದರೆ ಸುತ್ತಲ ಬ್ಲಾಕೇ ಪುಡಿಯಾಗುತ್ತದೆ. ಅಲ್ಲಿ ತೂತಿನೊಳಗೆ ರಾಳ ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬೇಕು, ಇಲ್ಲವೇ ಗೋಡೆಯ ಆಚೆ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕಬೇಕು. ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಗೋಡೆಯನ್ನು ಮರೆತು, ನೆಲಕ್ಕೆ ಬೋಲ್ಟ್ ಮಾಡುವ ಕಂಬದ ಹಿಡಿಕೆ ಹಾಕಿಸುವುದು ಲೇಸು. ಪ್ಲಂಬರ್ ಬಂದಾಗ ಬೆರಳ ಗೆಣ್ಣಿನಿಂದ ಟೈಲ್ಸ್ ತಟ್ಟಿಸಿ. ಡಬ್ ಡಬ್ ಎಂದರೆ ಹಿಂದೆ ಪೊಳ್ಳು. ಆ ಜಾಗ ಬೇಡ.

ಕೊರೆದರೆ ಟೈಲ್ಸ್ ಸೀಳುತ್ತದೆ ಎಂಬ ಹೆದರಿಕೆಗೆ ಕಾರಣ ಅವಸರದ ಕೆಲಸ. ಡ್ರಿಲ್ಲಿಂಗ್ ಮಷಿನ್ನಿನ ಹ್ಯಾಮರ್ ಬಂದ್ ಮಾಡಿ, ಗುರುತಿನ ಮೇಲೆ ಟೇಪ್ ಅಂಟಿಸಿ, ಟೈಲ್ಸಿಗೆಂದೇ ಇರುವ ಬಿಟ್ ಹಾಕಿ ನಿಧಾನಕ್ಕೆ ಕೊರೆಯಬೇಕು. ಟೈಲ್ಸ್ ದಾಟಿದ ಮೇಲಷ್ಟೇ ಹ್ಯಾಮರ್. ಅಂಚಿಗೆ ತೀರ ಹತ್ತಿರ ತೂತು ಬೇಡ. ಹೆದರಬೇಕಾದದ್ದು ಗೋಡೆಯೊಳಗಿನ ಪೈಪು ಮತ್ತು ಗೀಸರ್ ವೈರಿಗೆ. ನಲ್ಲಿ, ಷವರ್, ಸ್ವಿಚ್ಚುಗಳ ನೇರ ಮೇಲೆ ಕೆಳಗೆ ಕೊರೆಯಬೇಡಿ. ತೂತಿಗೆ ಸಿಲಿಕೋನ್ ತುಂಬಿ ಸ್ಕ್ರೂ ಬಿಗಿದರೆ ನೀರು ಒಳಗಿಳಿಯದು.

"ಎತ್ತರ ಎಷ್ಟು?" ಎಂದರೆ ಪ್ಲಂಬರ್ ತನ್ನ ಸೊಂಟ ತೋರಿಸುತ್ತಾನೆ. ಎಡಿಎ ಹೇಳುವುದು ನೆಲದಿಂದ 33ರಿಂದ 36 ಇಂಚು, ಆದರೆ ಅದು ಸಾರ್ವಜನಿಕ ಕಟ್ಟಡಗಳಿಗೆ ಹಾಕಿದ ಲೆಕ್ಕ. ನಮ್ಮಲ್ಲಿ ಬಕೆಟ್ ಪಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುವವರೇ ಬಹಳ. ಅವರಿಗೆ ಆ ಎತ್ತರ ಕೈಗೆಟುಕುವುದಿಲ್ಲ. ಅಜ್ಜಿಗಾಗಿ ಹಾಕಿಸುವುದಾದರೆ ಅಜ್ಜಿಯನ್ನೇ ಒಣ ನೆಲದಲ್ಲಿ, ಪಕ್ಕದಲ್ಲಿ ಒಬ್ಬರು ನಿಂತು, ಕೂರಿಸಿ ಏಳಿಸಿ. ಕೈ ತಾನಾಗಿ ಗೋಡೆಗೆ ಹೋಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಕಮೋಡಿನ ಪಕ್ಕ ಊರಿ ಏಳಲು ಅಡ್ಡ ಹಿಡಿಕೆ, ಹೊಸ್ತಿಲು ದಾಟುವಲ್ಲಿ ನೆಟ್ಟಗಿನದು ಅನುಕೂಲ. ಲಕ್ವ ಹೊಡೆದು ಎಡಗೈ ಸೋತವರಿಗೆ ಬಲಗಡೆಯೇ ಬೇಕು.

ದಪ್ಪಗಿದ್ದಷ್ಟೂ ಒಳ್ಳೆಯದು ಎಂಬುದೂ ತಪ್ಪು. ಹೆಬ್ಬೆರಳು ಸುತ್ತಿ ಬರದ ಕೊಳವೆಯ ಮೇಲೆ ಒದ್ದೆ ಕೈ ನಿಲ್ಲುವುದಿಲ್ಲ; 32ರಿಂದ 38 ಮಿ.ಮೀ. ವ್ಯಾಸ ಹೆಚ್ಚಿನವರ ಕೈಗೆ ಹೊಂದುತ್ತದೆ. ಗೋಡೆಗೂ ಹಿಡಿಕೆಗೂ ನಡುವೆ ಒಂದೂವರೆ ಇಂಚು ಬಿಟ್ಟಿರುವುದು ಬೆರಳಿಗೆ ಜಾಗವಿರಲಿ, ಆದರೆ ಜಾರಿದಾಗ ಮುಂಗೈ ಒಳಹೊಕ್ಕು ಸಿಕ್ಕಿಕೊಳ್ಳದಿರಲಿ ಎಂದು.

ಸ್ಟೀಲ್ ಎಂದರೆ ತುಕ್ಕೇ ಹಿಡಿಯದು ಎಂದು ಸುಮ್ಮನಿರಬೇಡಿ. ಟೈಲ್ಸ್ ತೊಳೆಯುವ ಆಸಿಡ್ 304 ದರ್ಜೆಯ ಸ್ಟೀಲನ್ನೂ ತಿನ್ನುತ್ತದೆ, ಕರಾವಳಿಯ ಉಪ್ಪುಗಾಳಿ ಕಲೆ ಎಬ್ಬಿಸುತ್ತದೆ. ಸ್ಕ್ರೂಗಳೂ ಸ್ಟೇನ್‌ಲೆಸ್ ಆಗಿರಬೇಕು.

ಹೊಸ ಮನೆ ಕಟ್ಟಿಸುವವರು ಈಗಲೇ ಮೇಸ್ತ್ರಿಗೆ ಹೇಳಿ ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಸಾಲಿಡ್ ಬ್ಲಾಕ್ ಇಡಿಸಿ, ಟೈಲ್ಸ್ ಕೂರಿಸುವ ಮುನ್ನ ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಇರುವ ಮನೆಯಲ್ಲಿ ಹಿಡಿಕೆ ಹಾಕಿದವರಿಂದಲೇ, ದುಡ್ಡು ಕೊಡುವ ಮೊದಲು, ಎರಡೂ ಕೈಯಿಂದ ಮೈಭಾರ ಬಿಟ್ಟು ಜಗ್ಗಿಸಿ ನೋಡಿ. ಬುಡದ ಬಿಲ್ಲೆ ಕೂದಲೆಳೆಯಷ್ಟು ಅಲುಗಿದರೂ ಬಿಚ್ಚಿಸಿ ಬೇರೆ ಕಡೆ ಕೊರೆಸಿ.