ಟಿಕೆಟ್‌ಗೆ ಯಾವ ಊರು?

ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಮೊದಲು ಎದುರಾಗುವವನು ಜೆರ್ಸಿ ಮಾರುವ ಹುಡುಗ. ಎಡಗೈ ಉದ್ದಕ್ಕೂ ಕೆಂಪು ಬಟ್ಟೆ, ಬಲ ಹೆಗಲ ತುಂಬ ಹಳದಿ. ‘ಹದಿನೆಂಟು ಬೇಕಾ ಅಣ್ಣ, ಏಳು ಬೇಕಾ? ಎರಡಕ್ಕೂ ಒಂದೇ ರೇಟು’ ಎಂದು ಕೂಗುತ್ತಾನೆ. ಕೊಹ್ಲಿ, ಧೋನಿ ಎಂದು ಹೆಸರು ಹಿಡಿದು ಹೇಳುವ ಅಗತ್ಯ ಅವನಿಗಿಲ್ಲ. ಕೆಂಪು ಕೇಳಿಕೊಂಡು ಯಾರಾದರೂ ಬಂದರೆ ಹಳದಿ ಕಾಣದ ಹಾಗೆ ಮೈಯನ್ನು ಅರ್ಧ ತಿರುಗಿಸಿ ನಿಲ್ಲುತ್ತಾನೆ. ಹಳದಿಯವರು ಬಂದರೆ ಇನ್ನೊಂದು ಮಗ್ಗುಲಿಗೆ ತಿರುಗುತ್ತಾನೆ. ವ್ಯಾಪಾರ ಬಲ್ಲವನು.

2024ರ ಮೇ 18, ಶನಿವಾರ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರಿನ ಆರ್‌ಸಿಬಿ ಮತ್ತು ಚೆನ್ನೈನ ಸಿಎಸ್‌ಕೆ ನಡುವೆ ಐಪಿಎಲ್ ಪಂದ್ಯ, ಲೀಗ್ ಹಂತದಲ್ಲಿ ಇಬ್ಬರಿಗೂ ಕೊನೆಯದು. ಸೋತರೆ ಆರ್‌ಸಿಬಿ ಮನೆಗೆ. ಗೆದ್ದರೂ ಆರ್‌ಸಿಬಿಗೆ ಬರೀ ಗೆಲುವು ಸಾಲದು, ರನ್ ಸರಾಸರಿಯ ಲೆಕ್ಕದಲ್ಲಿ ಸುಮಾರು 18 ರನ್ ಅಂತರವಿರಬೇಕು. ಅದರ ಮೇಲೆ ಮಳೆಯ ಭಯ. ಕಬ್ಬನ್ ರಸ್ತೆಯ ಮರಗಳ ಮೇಲೆ ಮೋಡ ಬಗ್ಗಿ ಕೂತಿದೆ. ಕುಂಬ್ಳೆ ವೃತ್ತದಿಂದ ಕ್ವೀನ್ಸ್ ರಸ್ತೆಯವರೆಗೆ ಜನವೋ ಜನ. ಮುಖಕ್ಕೆ ಬಣ್ಣ ಬಳಿಯುವವರು, ಪೀಪಿ ಮಾರುವವರು, ಚುರುಮುರಿ ಗಾಡಿ, ಲಾಠಿಯಿಂದ ದಾರಿ ತೋರಿಸುವ ಪೊಲೀಸರು. ‘ಎಕ್ಸ್‌ಟ್ರಾ ಇದ್ಯಾ, ಎಕ್ಸ್‌ಟ್ರಾ’ ಎಂದು ಬಾಯಿ ಬಿಡದೆ ಕೇಳುತ್ತ ಸರಿದುಹೋಗುವವರು. ಟಿಕೆಟ್ ಇಲ್ಲದೆ ಬಂದವನಿಗೆ ಒಂದು ಅನುಕೂಲವಿದೆ. ಅವಸರವಿಲ್ಲ, ನಿಂತು ನೋಡಬಹುದು.

ನೋಡಿದಷ್ಟೂ ಹಳದಿ. ಊರಿನ ತಂಡ ಕೆಂಪು, ಆದರೆ ಪ್ರತಿ ಗೇಟಿನ ಸಾಲಿನಲ್ಲೂ ಹಳದಿ ತಲೆಗಳು, ಸೀಟಿಯ ಸದ್ದು. ಕಾಲೇಜು ವಯಸ್ಸಿನ ಆರೇಳು ಹುಡುಗರ ಗುಂಪೊಂದು ಏಳು ನಂಬರಿನ ಅಂಗಿ ತೊಟ್ಟು ಕುಣಿಯುತ್ತಿತ್ತು. ಪಕ್ಕದ ಸಾಲಿನಲ್ಲಿದ್ದ ನಡುವಯಸ್ಸಿನವರೊಬ್ಬರಿಗೆ ತಡೆದುಕೊಳ್ಳಲು ಆಗಲಿಲ್ಲ.

‘ಇವ್ರಿಗೆಲ್ಲ ಯಾರ್ರೀ ಟಿಕೆಟ್ ಕೊಟ್ಟಿದ್ದು? ಆಧಾರ್ ಕಾರ್ಡ್ ನೋಡಿ ಕೊಡ್ಬೇಕಿತ್ತು.’

‘ನೋಡಿ ಅಂಕಲ್, ನೋಡಿ. ಹಲಸೂರು. ಹುಟ್ಟಿದ್ದೂ ಅಲ್ಲೇ. ನಿಮ್ದು ಯಾವೂರು?’

‘ಹಿರಿಯೂರು.’

‘ಮತ್ತೆ? ನಾವೇ ಲೋಕಲ್ಲು!’

ಸಾಲಿಗೆ ಸಾಲೇ ನಕ್ಕಿತು. ಹಿರಿಯೂರಿನವರೂ ನಕ್ಕರು. ನಕ್ಕರೂ ಅವರ ಸಿಟ್ಟು ಸುಳ್ಳಲ್ಲ. ನಮ್ಮ ಅಂಗಳದಲ್ಲಿ ನಮ್ಮವರಿಗೇ ಜಾಗವಿಲ್ಲವೇ ಎಂಬ ಪ್ರಶ್ನೆ ಆಟವಿರುವ ಊರಿನಲ್ಲೆಲ್ಲ ಇದೆ. ಕೆಲವು ಕಡೆ ಅದು ನಿಯಮವೇ ಆಗಿದೆ.

ಅಮೆರಿಕದ ಸಿಯಾಟಲ್ ನಗರದ್ದು ಹೆಸರಾದ ಪ್ರಸಂಗ. 2014ರ ಜನವರಿಯಲ್ಲಿ ಅಲ್ಲಿನ ಸೀಹಾಕ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೊದ ಫಾರ್ಟಿನೈನರ್ಸ್ ಎದುರು, ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಹೋಗುವ ಪಂದ್ಯ ಆಡಬೇಕಿತ್ತು. ಟಿಕೆಟ್ ಕೊಳ್ಳುವವರ ಕ್ರೆಡಿಟ್ ಕಾರ್ಡ್ ವಿಳಾಸ ವಾಷಿಂಗ್ಟನ್, ಓರೆಗಾನ್, ಇಡಾಹೊ, ಮೊಂಟಾನಾ, ಅಲಾಸ್ಕಾ, ಹವಾಯಿ ರಾಜ್ಯಗಳದ್ದೋ ಕೆನಡಾದ ಎರಡು ಪ್ರಾಂತ್ಯಗಳದ್ದೋ ಆಗಿರಬೇಕು ಎಂದು ತಂಡ ಷರತ್ತು ಹಾಕಿತು. ಪಟ್ಟಿಯನ್ನು ಇನ್ನೊಮ್ಮೆ ಓದಿ. ನಡುಗಡಲಿನ ಹವಾಯಿ ಸ್ಥಳೀಯ, ಓರೆಗಾನ್‌ಗೆ ಅಂಟಿಕೊಂಡ ಕ್ಯಾಲಿಫೋರ್ನಿಯಾ ಪರಸ್ಥಳ. ಏಕೆಂದರೆ ಎದುರಾಳಿಯ ಮನೆ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ‘ಸ್ಥಳೀಯರಿಗೆ ಮಾತ್ರ’ ಎಂಬುದರ ಒಳಗುಟ್ಟು ಇಷ್ಟೇ: ಅವರು ಬೇಡ.

ಸಿಯಾಟಲ್‌ನವರಿಗೆ ಕಾರಣವೂ ಇತ್ತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಸಲ ಚೆಂಡು ಚಲಿಸುವ ಮುನ್ನ ದಾಳಿಯ ನಾಯಕ ಕೂಗಿ ಸಂಕೇತ ಕೊಡುತ್ತಾನೆ. ಆ ಕೂಗು ಪಕ್ಕದವನಿಗೇ ಕೇಳದಂತೆ ಗ್ಯಾಲರಿ ಅಬ್ಬರಿಸಿದರೆ ಎದುರಾಳಿ ತಡವರಿಸುತ್ತಾನೆ. ಹಿಂದಿನ ತಿಂಗಳಷ್ಟೇ ಸಿಯಾಟಲ್ ಪ್ರೇಕ್ಷಕರು 137.6 ಡೆಸಿಬಲ್ ಸದ್ದು ಮಾಡಿ ಗಿನ್ನೆಸ್ ದಾಖಲೆ ಬರೆದಿದ್ದರು. ಅಲ್ಲಿ ಪ್ರೇಕ್ಷಕನೂ ಆಟಗಾರನೇ, ಅವನನ್ನು ಹನ್ನೆರಡನೆಯವನು ಎಂದೇ ಕರೆಯುತ್ತಾರೆ. ಸೀಹಾಕ್ಸ್ 23–17ರಿಂದ ಗೆದ್ದಿತು. ಟಿಕೆಟ್ ಸಿಗದ ನೆವಾಡಾದ ಅಭಿಮಾನಿಯೊಬ್ಬ 5 ಕೋಟಿ ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದ. ಕೋರ್ಟು ದಾವೆಯನ್ನು ತಳ್ಳಿಹಾಕಿತು.

ಹಾಗಾದರೆ ಚಿನ್ನಸ್ವಾಮಿಗೂ ಇದೇ ಮದ್ದು ಸಾಕೇ?

ಅಂದು ರಾತ್ರಿ ಒಳಗೆ ಆಡುತ್ತಿದ್ದವರನ್ನು ಒಮ್ಮೆ ಲೆಕ್ಕ ಹಾಕಿ. ಆರ್‌ಸಿಬಿಯ ಹನ್ನೊಂದರಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. ಕೊಹ್ಲಿ ದೆಹಲಿಯವರು, ಸಿರಾಜ್ ಹೈದರಾಬಾದಿನವರು, ರಜತ್ ಪಾಟೀದಾರ್ ಇಂದೋರಿನವರು. ನಾಯಕ ಫಾಫ್ ಡು ಪ್ಲೆಸಿ ದಕ್ಷಿಣ ಆಫ್ರಿಕದವರು, ಅದಕ್ಕೂ ಹಿಂದೆ ವರ್ಷಗಟ್ಟಲೆ ಇದೇ ಚೆನ್ನೈ ತಂಡಕ್ಕೆ ಹಳದಿ ತೊಟ್ಟು ಆಡಿದವರು. ವಿಕೆಟ್ ಹಿಂದೆ ನಿಂತ ದಿನೇಶ್ ಕಾರ್ತಿಕ್ ಸಾಕ್ಷಾತ್ ಚೆನ್ನೈಯವರು. ಆಚೆ ಕಡೆ ಸಿಎಸ್‌ಕೆಗೆ ಅಂದು ಅತಿ ಹೆಚ್ಚು, 61 ರನ್ ಹೊಡೆದದ್ದು ರಚಿನ್ ರವೀಂದ್ರ. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಹುಡುಗನಾದರೂ ಅಪ್ಪ ಅಮ್ಮ ಬೆಂಗಳೂರಿನವರು. ಅಂದರೆ ಆ ರಾತ್ರಿ ಬೆಂಗಳೂರಿನ ಬೇರಿದ್ದ ಬ್ಯಾಟು ಬೀಸಿದ್ದು ಹಳದಿ ಅಂಗಿಯಲ್ಲಿ. ಆಟಗಾರರಿಗೆ ಕೇಳದ ವಿಳಾಸವನ್ನು ನೋಡಲು ಬಂದವನಿಗೆ ಕೇಳುವುದು ಯಾವ ನ್ಯಾಯ?

ಅಂದಿನ ಕೊನೆಯ ಓವರ್ ನೆನಪಿಲ್ಲದವರು ಬೆಂಗಳೂರಿನಲ್ಲಿ ಕಡಿಮೆ. ಆರ್‌ಸಿಬಿ 218 ಹೊಡೆದಿತ್ತು. ಚೆನ್ನೈ ಸೋತರೂ 201 ಮುಟ್ಟಿದರೆ ಮುಂದಿನ ಹಂತಕ್ಕೆ ಹೋಗುತ್ತಿತ್ತು. ಆರು ಎಸೆತ, 17 ರನ್, ಕ್ರೀಸಿನಲ್ಲಿ ಧೋನಿ. ಯಶ್ ದಯಾಳ್ ಎಸೆದ ಮೊದಲ ಚೆಂಡು ಫುಲ್‌ಟಾಸು, ಧೋನಿ ಅದನ್ನು 110 ಮೀಟರ್ ದೂರ ಬಾರಿಸಿದರು. ಗ್ಯಾಲರಿಯಲ್ಲಿ ಹಳದಿ ಎದ್ದು ನಿಂತಿತು, ಕೆಂಪು ತಲೆ ಮೇಲೆ ಕೈ ಹೊತ್ತು ಕೂತಿತು. ಎರಡನೆಯ ಚೆಂಡು ನಿಧಾನದ್ದು. ಬ್ಯಾಟಿಗೆ ತಾಗಿ ಮೇಲೆ ಹೋದದ್ದು ಸ್ವಪ್ನಿಲ್ ಸಿಂಗ್ ಕೈಗೆ ಇಳಿಯಿತು. ಕೂತವರು ಎದ್ದರು, ಎದ್ದವರು ಕೂತರು. ಕೊನೆಯ ಎರಡು ಚೆಂಡು ಜಡೇಜ ಬ್ಯಾಟಿಗೆ ಸಿಗಲೇ ಇಲ್ಲ. 191ಕ್ಕೆ ಆಟ ಮುಗಿಯಿತು. ಕೆಂಪಿನವರಷ್ಟೇ ತುಂಬಿದ್ದ ಮೈದಾನದಲ್ಲಿ ಈ ಎರಡು ಚೆಂಡುಗಳ ನಡುವಿನ ಏರಿಳಿತ ಹೀಗಿರುತ್ತಿರಲಿಲ್ಲ. ಎದುರಿಗೆ ಯಾರೂ ಇಲ್ಲದೆ ಗೆದ್ದ ಗೆಲುವಿಗೆ ರುಚಿ ಕಮ್ಮಿ.

ಇಷ್ಟು ಹೇಳಿ ಸುಮ್ಮನಾದರೆ ಹಿರಿಯೂರಿನವರಿಗೆ ಮೋಸ ಮಾಡಿದ ಹಾಗೆ. ಅವರ ಪರವಾಗಿ ಸಾಕ್ಷಿ ಹೇಳುವುದು ಬಾರ್ಸಿಲೋನಾ.

2022ರ ಏಪ್ರಿಲ್ 14. ಈಸ್ಟರ್ ರಜೆಯ ವಾರ, ಊರಿನ ಅರ್ಧ ಜನ ಊರಲ್ಲಿಲ್ಲ. ಕ್ಯಾಂಪ್ ನೌ ಕ್ರೀಡಾಂಗಣಕ್ಕೆ ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ಬಂದಿತ್ತು. ಯುರೋಪಾ ಲೀಗ್‌ನ ಕ್ವಾರ್ಟರ್ ಫೈನಲ್, ಎರಡನೆಯ ಲೆಗ್. ಅತಿಥಿಗಳ ಪಾಲಿಗೆ ಕೊಟ್ಟದ್ದು 5,000 ಟಿಕೆಟ್. ಬಂದು ಕೂತವರು 30 ಸಾವಿರದ ಆಸುಪಾಸು. ಎಲ್ಲರೂ ಬಿಳಿ ಅಂಗಿ ತೊಟ್ಟು ಬಂದಿದ್ದರು. ಸಂಜೆ ಬೀದಿಗಳೇ ಬೆಳ್ಳಗಾದವು. ಒಳಗೆ ಹೋದರೆ ಗೋಲಿನ ಹಿಂದೆ, ಕಾರ್ನರ್‌ನಲ್ಲಿ, ಖಾಯಂ ಸೀಟುಗಳ ನಟ್ಟನಡುವೆ ಬಿಳಿಯ ತೇಪೆಗಳು. ನಾಲ್ಕನೇ ನಿಮಿಷಕ್ಕೇ ಕೊಸ್ಟಿಕ್ ಪೆನಾಲ್ಟಿ ಗೋಲು ಹೊಡೆದಾಗ ಆತಿಥೇಯರ ಮೈದಾನ ಅತಿಥಿಗಳ ಗಂಟಲಲ್ಲಿ ಗರ್ಜಿಸಿತು. ಬಾರ್ಸಾದ ಹಾಡುವ ಗುಂಪು ದ್ವಿತೀಯಾರ್ಧ ಶುರುವಾದಾಗ ಸಿಟ್ಟಿನಿಂದ ತಮ್ಮ ಜಾಗಕ್ಕೆ ಮರಳಿರಲಿಲ್ಲ, ಅವರ ಸೀಟುಗಳು ಖಾಲಿ ಬಿದ್ದವು. ಪಂದ್ಯ 3–2, ಬಾರ್ಸಾ ಹೊರಗೆ. ಫ್ರಾಂಕ್‌ಫರ್ಟ್ ಮುಂದೆ ಮೇ ತಿಂಗಳಲ್ಲಿ ಸೆವಿಯಾದಲ್ಲಿ ಕಪ್ಪನ್ನೇ ಎತ್ತಿತು. ಆ ರಾತ್ರಿ ಬಾರ್ಸಾ ಅಧ್ಯಕ್ಷ ಜುವಾನ್ ಲಾಪೋರ್ಟಾ ನಾಚಿಕೆಯಾಗಿದೆ ಎಂದೇ ಹೇಳಿದರು.

ಈಗ ಮುಖ್ಯ ಮಾತು. ಜರ್ಮನಿಯಿಂದ ನೇರವಾಗಿ ಆನ್‌ಲೈನಲ್ಲಿ ಕೊಳ್ಳದಂತೆ ಕ್ಲಬ್ ಮೊದಲೇ ತಡೆ ಹಾಕಿತ್ತು. ಸಿಯಾಟಲ್‌ನ ಮದ್ದನ್ನು ಅಲ್ಲೂ ಕುಡಿಸಿ ನೋಡಿದ್ದರು. ಆದರೂ ಬೇಲಿ ಹಾರಿ ಬಂದವರು ಅಷ್ಟು ಮಂದಿ. ಟಿಕೆಟ್‌ಗಳು ಮರುಮಾರಾಟಗಾರರ ಕೈಗೆ, ರಜೆಗೆ ಹೊರಟ ಸ್ಥಳೀಯರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಹೋಗಿದ್ದವು. ಮನೆಯವರೇ ಮಾರಿಕೊಂಡರೆ ಪಿನ್‌ಕೋಡ್ ಏನು ಮಾಡೀತು? ಬುದ್ಧಿ ಬಂದ ಮೇಲೆ ಕ್ಲಬ್ ಮಾತಾಡಿದ್ದು ಕೊಳ್ಳುವವರ ಹೆಸರು ನಮೂದಾದ ಟಿಕೆಟ್ ಬಗ್ಗೆ.

ಬೇರೆ ದಾರಿ ನೋಡಲು ದೂರ ಹೋಗಬೇಕಿಲ್ಲ. ಚಿನ್ನಸ್ವಾಮಿಯಿಂದ ಕಬ್ಬನ್ ಪಾರ್ಕ್ ದಾಟಿ ಸ್ವಲ್ಪ ನಡೆದರೆ ಕಂಠೀರವ ಕ್ರೀಡಾಂಗಣ. ಬೆಂಗಳೂರು ಎಫ್‌ಸಿ ಪಂದ್ಯದ ಸಂಜೆ ಪಶ್ಚಿಮದ ಸ್ಟ್ಯಾಂಡಿನಲ್ಲಿ ನೀಲಿ ಅಂಗಿಯ ‘ವೆಸ್ಟ್ ಬ್ಲಾಕ್ ಬ್ಲೂಸ್’ ಡ್ರಮ್ಮು ಬಡಿಯುತ್ತ ತೊಂಬತ್ತು ನಿಮಿಷವೂ ನಿಂತೇ ಇರುತ್ತಾರೆ. ಕೇರಳ ಬ್ಲಾಸ್ಟರ್ಸ್ ಬಂದ ದಿನ ಇನ್ನೊಂದು ಬದಿಯಲ್ಲಿ ಅವರ ಅಭಿಮಾನಿ ಬಳಗ ‘ಮಂಜಪ್ಪಡ’ದ ಹಳದಿ. (ಹಳದಿಗೂ ಬೆಂಗಳೂರಿಗೂ ಏನು ಋಣವೋ!) ಅವರಲ್ಲಿ ಎಷ್ಟೋ ಮಂದಿ ಕೊಚ್ಚಿಯಿಂದ ರಾತ್ರಿ ಬಸ್ಸು ಹಿಡಿದು ಬಂದವರಲ್ಲ. ನಮ್ಮ ಮಡಿವಾಳ, ತಾವರೆಕೆರೆಗಳಿಂದ ಆಟೊ ಹಿಡಿದು ಬಂದವರು. 2023ರ ಮಾರ್ಚ್ 3ರಂದು ಇಲ್ಲೇ ಹೆಚ್ಚುವರಿ ಅವಧಿಯಲ್ಲಿ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಸುನಿಲ್ ಚೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದ್ದು, ಸಿಟ್ಟಾದ ಬ್ಲಾಸ್ಟರ್ಸ್ ತಂಡ ಅಂಗಳ ಬಿಟ್ಟು ಹೊರಟೇಹೋದದ್ದು. ಕಿಡಿ ಹಾರುವ ಹೊತ್ತಿಗೆ ಎರಡು ಬಣ್ಣಕ್ಕೂ ಎರಡು ಜಾಗ ಇರುವುದು ಎಷ್ಟು ಅಗತ್ಯ ಎಂದು ಅಂಥ ರಾತ್ರಿಗಳಲ್ಲಿ ತಿಳಿಯುತ್ತದೆ.

ಫುಟ್‌ಬಾಲ್ ಲೋಕ ಇದನ್ನು ಎಂದೋ ನಿಯಮ ಮಾಡಿಕೊಂಡಿದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಹೊರಗಿನ ತಂಡದ ಅಭಿಮಾನಿಗಳಿಗೆ 3,000ದವರೆಗೆ, ಸಣ್ಣ ಮೈದಾನವಾದರೆ ಹತ್ತನೆಯ ಒಂದು ಪಾಲು ಟಿಕೆಟ್ ಮೀಸಲು. 2016ರಲ್ಲಿ ಆ ಟಿಕೆಟ್ಟಿನ ಬೆಲೆಗೆ 30 ಪೌಂಡ್ ಮಿತಿಯನ್ನೂ ಹಾಕಿದರು. ಅತಿಥಿಗೆ ಇಷ್ಟು ಜಾಗ ಎಂದು ಗೆರೆ ಎಳೆದ ಮೇಲೆ ಉಳಿದದ್ದು ಮನೆಯವರದ್ದು. ಕ್ರಿಕೆಟ್ ಮಂದಿ ಈ ಗೋಜಿಗೇ ಹೋಗಿಲ್ಲ.

ಮನೆ ಎಂಬುದೂ ಶಾಶ್ವತವಲ್ಲ. 2018ರ ಏಪ್ರಿಲ್‌ನಲ್ಲಿ ಕಾವೇರಿ ಗಲಾಟೆಯ ಬಿಸಿಗೆ ಚೆಪಾಕ್ ಅಂಗಳಕ್ಕೆ ಶೂ ಬಿತ್ತು. ಚೆನ್ನೈನ ಉಳಿದ ಪಂದ್ಯಗಳನ್ನು ಪುಣೆಗೆ ಸಾಗಿಸಿದರು. ತಂಡ ಒಂದು ರೈಲನ್ನೇ ಗೊತ್ತುಮಾಡಿ ಸುಮಾರು ಸಾವಿರ ಅಭಿಮಾನಿಗಳನ್ನು ಚೆನ್ನೈಯಿಂದ ಪುಣೆಗೆ ಕರೆದೊಯ್ದಿತು. ಅಂದು ಪುಣೆಯವರು ‘ಮಹಾರಾಷ್ಟ್ರದ ವಿಳಾಸ ತನ್ನಿ’ ಎಂದಿದ್ದರೆ?

ಇನ್ನು ಹಿರಿಯೂರಿನವರ ನಿಜವಾದ ಸಂಕಟ. ಅದು ಹಲಸೂರಿನ ಹುಡುಗರಲ್ಲ, ಟಿಕೆಟ್ ಬೆಲೆ. 2024ರ ಋತುವಿನಲ್ಲಿ ಚಿನ್ನಸ್ವಾಮಿಯ ಅತಿ ಅಗ್ಗದ ಸೀಟೇ ಎರಡು ಸಾವಿರ ರೂಪಾಯಿ ದಾಟಿತ್ತು. ಆನ್‌ಲೈನಲ್ಲಿ ಮಾರಾಟ ತೆರೆದ ಕೂಡಲೇ ಲಕ್ಷಗಟ್ಟಲೆ ಬೆರಳು ಒಂದೇ ಗುಂಡಿ ಒತ್ತುತ್ತವೆ. ಮೈದಾನ ಹಿಡಿಸುವುದೇ 35 ಸಾವಿರದಷ್ಟು. ಅದರಲ್ಲೂ ಕ್ರಿಕೆಟ್ ಸಂಸ್ಥೆಯ ಸದಸ್ಯರು, ಕ್ಲಬ್ಬುಗಳು, ಪ್ರಾಯೋಜಕರು, ಪಾಸು ಕೇಳುವ ದೊಡ್ಡವರು ಎಂದೆಲ್ಲ ಪಾಲು ಹೋಗುತ್ತದೆ. ಉಳಿದದ್ದು ಎಷ್ಟು ಎಂದು ಸಾಲಿನಲ್ಲಿ ನಿಂತವರಿಗೆ ಯಾರೂ ಹೇಳುವುದಿಲ್ಲ. 2025ರ ಜೂನ್ 4ರಂದು, ಆರ್‌ಸಿಬಿ ಕಪ್ ಗೆದ್ದ ಸಂಭ್ರಮದಲ್ಲಿ ಇದೇ ಗೇಟುಗಳ ಮುಂದೆ ಕಾಲ್ತುಳಿತಕ್ಕೆ 11 ಜನ ಸತ್ತರು. ಒಳಗೆ ಬಿಡುತ್ತಾರೋ ಇಲ್ಲವೋ, ಪಾಸು ಬೇಕೋ ಬೇಡವೋ ಎಂಬುದು ಸಾವಿರಾರು ಜನಕ್ಕೆ ಗೊತ್ತಿರಲಿಲ್ಲ. ಯಾರಿಗೆ ಪ್ರವೇಶ ಎಂಬುದನ್ನು ಮಬ್ಬಾಗಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಬೇಕಿಲ್ಲ.

ಆದ್ದರಿಂದ ವಿಳಾಸ ಕೇಳುವುದು ಬೇಡ. ಕೇಳಿದರೆ ಹಲಸೂರಿನ ಹಳದಿ ಒಳಗೆ ಹೋಗುತ್ತದೆ, ದುಬೈನಿಂದ ರಜೆ ಹಾಕಿ ಬಂದ ಮಂಡ್ಯದ ಕೆಂಪು ಹೊರಗೆ ನಿಲ್ಲುತ್ತದೆ. ಅದರ ಬದಲು ಟಿಕೆಟ್ ಮೇಲೆ ಕೊಂಡವರ ಹೆಸರಿರಲಿ, ಗೇಟಿನಲ್ಲಿ ಗುರುತಿನ ಚೀಟಿ ನೋಡಲಿ. ಬರಲಾಗದವರು ಕೊಟ್ಟ ಬೆಲೆಗೇ ತಂಡಕ್ಕೆ ಹಿಂದಿರುಗಿಸುವ ವ್ಯವಸ್ಥೆ ಇರಲಿ. ಅತಿಥಿ ತಂಡಕ್ಕೆ ಒಂದು ಸ್ಟ್ಯಾಂಡ್ ಬಿಟ್ಟುಕೊಡಲಿ. ಒಂದಷ್ಟು ಸೀಟುಗಳನ್ನಾದರೂ ಕೆಲವೇ ನೂರು ರೂಪಾಯಿಗೆ, ಬೆಂಗಳೂರಿನಲ್ಲಷ್ಟೇ ಅಲ್ಲ, ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದ ಕೌಂಟರುಗಳಲ್ಲೂ ಮಾರಲಿ. ಎಲ್ಲಕ್ಕಿಂತ ಮೊದಲು ಒಟ್ಟು ಸೀಟು ಎಷ್ಟು, ಸದಸ್ಯರಿಗೆ ಎಷ್ಟು, ಪ್ರಾಯೋಜಕರಿಗೆ ಎಷ್ಟು, ಜನರಿಗೆ ಎಷ್ಟು ಎಂಬ ಪಟ್ಟಿಯನ್ನು ಪ್ರತಿ ಪಂದ್ಯಕ್ಕೂ ವಾರ ಮೊದಲು ಗೇಟಿಗೆ ಅಂಟಿಸಲಿ. ತಂಡದವರೂ ಕ್ರಿಕೆಟ್ ಸಂಸ್ಥೆಯವರೂ ಇದನ್ನು ಮುಂದಿನ ಋತುವಿಗೇ ಮಾಡಬಹುದು.